18 ತುಂಬಿದ ಮೇಲೂ ಮಗಳ ಜೀವನಾಂಶ ವಸೂಲಿ ಮಾಡಿದೆ: ನನ್ನ ಅನುಭವ

ಮಗಳಿಗೆ 18 ತುಂಬಿತು, ಇನ್ನು ನಯಾಪೈಸೆ ಬರಲ್ಲ, ಸುಮ್ನೆ ಬಿಟ್ಟುಬಿಡಿ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಇಬ್ಬರು ವಕೀಲರು, ನನ್ನ ಅಣ್ಣ, ಕೋರ್ಟಿನ ಹೊರಗೆ ಟೈಪಿಂಗ್ ಮಾಡುವವನೂ ಸೇರಿ. 2025ರ ಫೆಬ್ರವರಿಯಿಂದ ಅವಳ ಅಪ್ಪನ ಸಂಬಳದಲ್ಲೇ ದುಡ್ಡು ಕಟ್ ಆಗಿ ಬರುತ್ತಿದೆ. ಅಣ್ಣ ಈಗ ಆ ಮಾತೇ ಎತ್ತುವುದಿಲ್ಲ.

ಸಿಆರ್‌ಪಿಸಿ (ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 125ರ ಜೀವನಾಂಶದ ಆದೇಶ (ಈಗ ಹೊಸ ಸಂಹಿತೆ ಬಿಎನ್‌ಎಸ್‌ಎಸ್‌ನ 144) ಇಟ್ಟುಕೊಂಡವರಿಗೆ ಗೊತ್ತೇ ಇದೆ, ಸಾಮಾನ್ಯವಾಗಿ ಮಗುವಿಗೆ 18 ಆದರೆ ಅದರ ಕಥೆ ಮುಗೀತು. ನಮ್ಮವನು ಆ ತಾರೀಕಿಗೂ ಕಾಯಲಿಲ್ಲ. ತಿಂಗಳ 6,000ವನ್ನು 2022ರ ಜನವರಿಗೇ ನಿಲ್ಲಿಸಿದ, ಜೂನ್‌ನಲ್ಲಿ ಅವಳಿಗೆ 18. ಆ ಐದು ತಿಂಗಳ 30,000ಕ್ಕೆ ನಾನು ವಸೂಲಿ ಅರ್ಜಿ ಹಾಕಿದ್ದು 2023ರ ಜುಲೈನಲ್ಲಿ. ಬಾಕಿ ಬಿದ್ದ ಒಂದು ವರ್ಷದೊಳಗೆ ಕೇಳಬೇಕಿತ್ತು. ಹೋಯ್ತು. ಸಿಇಟಿ, ಸೀಟು, ಹಾಸ್ಟೆಲ್ ಅಂತ ಓಡಾಡುತ್ತಾ ಮರೆತಿದ್ದೆ, ಯಾರನ್ನು ಬೈಯಲಿ?

ದಾರಿ ಇದ್ದದ್ದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಸೆಕ್ಷನ್ 20ರಲ್ಲಿ. 2020ರ ಅಭಿಲಾಷಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದೆ: ದೈಹಿಕ, ಮಾನಸಿಕ ನ್ಯೂನತೆ ಇಲ್ಲದ, ಮದುವೆಯಾಗದ ಮಗಳು 18 ಆದ ಮೇಲೆ 125ರಲ್ಲಿ ಕೇಳುವಂತಿಲ್ಲ, ತನ್ನನ್ನು ತಾನು ನೋಡಿಕೊಳ್ಳಲು ಆಗದಿದ್ದರೆ ಸೆಕ್ಷನ್ 20ರಲ್ಲಿ ಕೇಳಬಹುದು. ಅದರ ಪ್ರಿಂಟ್ ಹಿಡಿದುಕೊಂಡೇ ಮೂರನೇ ವಕೀಲರ ಹತ್ತಿರ ಹೋದೆ.

ಆದರೂ ಮೊದಲ ಅರ್ಜಿ ನನ್ನ ಹೆಸರಲ್ಲೇ ಹಾಕಿಬಿಟ್ಟೆವು. ಮಗಳು ವಯಸ್ಕಳು, ಇವರು ಯಾರು ಕೇಳೋಕೆ ಅಂತ ಆ ಕಡೆಯಿಂದ ತಕರಾರು. ನಾಲ್ಕೈದು ತಿಂಗಳು ನೀರಲ್ಲಿ ಹೋಮ. 2023ರ ಜನವರಿಯಲ್ಲಿ ಅವಳ ಹೆಸರಲ್ಲೇ ಹೊಸದಾಗಿ ಹಾಕಿದೆವು. ವಕಾಲತ್ತಿಗೆ ಸಹಿ ಹಾಕಲು ಹಾಸ್ಟೆಲಿನಿಂದ ರಾತ್ರಿ ಬಸ್ಸಲ್ಲಿ ಬಂದು, ಬೆಳಿಗ್ಗೆ ಸಹಿ ಹಾಕಿ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋದಳು. ಇಂಟರ್ನಲ್ಸ್ ಇತ್ತು.

ಮಧ್ಯೆ ನನ್ನ ಪತ್ತೇದಾರಿಕೆ ಬೇರೆ. ಅವನ ಹೊಸ ಕಾರಿನ ಫೇಸ್‌ಬುಕ್ ಫೋಟೋಗಳನ್ನು ಕಲರ್ ಪ್ರಿಂಟ್ ಹಾಕಿಸಿ ಕೊಟ್ಟೆ, 400 ರೂಪಾಯಿ ಖರ್ಚು. ಎಲೆಕ್ಟ್ರಾನಿಕ್ ಸಾಕ್ಷಿಗೆ ಬೇಕಾದ 65ಬಿ ಸರ್ಟಿಫಿಕೇಟ್ ಇಲ್ಲ ಅಂತ ಪಕ್ಕಕ್ಕಿಟ್ಟರು. ಅವನ ಆದಾಯ ತೆರಿಗೆ ವಿವರಕ್ಕೆ ಆರ್‌ಟಿಐ ಹಾಕಿದೆ, ವೈಯಕ್ತಿಕ ಮಾಹಿತಿ ಅಂತ ತಿರುಗಿ ಬಂತು. ಕೆಲಸಕ್ಕೆ ಬಂದದ್ದು ಸುಪ್ರೀಂ ಕೋರ್ಟಿನ ರಜನೇಶ್ ವರ್ಸಸ್ ನೇಹಾ ತೀರ್ಪಿನ ಪ್ರಕಾರ ಜೀವನಾಂಶದ ಕೇಸಲ್ಲಿ ಕೊಡಬೇಕಾದ ಆಸ್ತಿ-ಸಾಲದ ಅಫಿಡವಿಟ್. ಅದರಲ್ಲಿ ಅವನು ಕೈಗೆ 38,000 ಅಂತ ಬರೆದ. ಆದರೆ ಜೊತೆಗೆ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಮನೆ ಸಾಲದ ಕಂತೇ 31,000 ಹೋಗುತ್ತಿತ್ತು! ಹಾಗಾದರೆ ಊಟ ಎಲ್ಲಿ ಮಾಡ್ತೀರಿ ಅಂತ ನಮ್ಮ ವಕೀಲರು ಕೇಳಿದರು.

ಮಗಳ ಪಾಟೀಸವಾಲು ನೋಡಬೇಕಿತ್ತು. ಟ್ಯೂಷನ್ ಹೇಳಿಕೊಡ್ತೀಯಲ್ಲಮ್ಮ, ದುಡಿಮೆ ಇದೆಯಲ್ಲ ಅಂದರು ಅವನ ಕಡೆಯ ವಕೀಲರು. "ಹೌದು ಸರ್, ತಿಂಗಳಿಗೆ 1,500. ಮೆಸ್ ಬಿಲ್ 4,200" ಅಂತ ಬ್ಯಾಗಿಂದ ನಾಲ್ಕು ಮಡಿಕೆಯ ರಸೀದಿ ತೆಗೆದಳು, ಸಾರಿನ ಕಲೆ ಇನ್ನೂ ಇತ್ತು. ಟ್ಯೂಷನ್ ವಿಷಯ ಮುಚ್ಚಿಡೋಣ ಅಂತ ನಾನೇ ಹೇಳಿದ್ದೆ. ಅವಳು ಕೇಳಲಿಲ್ಲ, ಒಳ್ಳೆಯದೇ ಆಯಿತು.

2024ರ ಮಧ್ಯದಲ್ಲಿ ತಿಂಗಳಿಗೆ 15,000 ಮತ್ತು ಕಾಲೇಜು ಫೀಸಿನ ಅರ್ಧ ಅಂತ ಆದೇಶ ಆಯಿತು, ಅರ್ಜಿ ಹಾಕಿದ ದಿನದಿಂದ. ಎಲ್ಲರೂ ಸ್ವೀಟ್ ಕೇಳಿದರು. ದುಡ್ಡು ಮಾತ್ರ ಬರಲಿಲ್ಲ. ಅಸಲಿ ಕೆಲಸ ಶುರುವಾಗಿದ್ದೇ ಅಲ್ಲಿಂದ.

ಸೆಪ್ಟೆಂಬರ್‌ನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶ ಜಾರಿ ಮಾಡಿಸಿ ಅನ್ನುವ ಅರ್ಜಿ ಹಾಕಿದೆವು. ನೋಟಿಸು ಎರಡು ಸಲ 'ಮನೆ ಬೀಗ' ಅಂತ ವಾಪಸ್. ಅಷ್ಟರಲ್ಲಿ ಅವನು ಕೆಲಸ ಬದಲಾಯಿಸಿದ್ದ. ಹೊಸ ಕಂಪನಿ ಯಾವುದು ಅಂತ ಹೇಗೆ ಪತ್ತೆ ಹಚ್ಚಿದೆ ಅನ್ನೋದು ಇಲ್ಲಿ ಬೇಡ, ಅವನೂ ಓದಬಹುದು. ಯಾರಿಗೂ ಲಂಚ ಕೊಟ್ಟಿಲ್ಲ ಅಂತ ಮಾತ್ರ ಹೇಳುತ್ತೇನೆ.

ಕಂಪನಿ ಸಿಕ್ಕಿದ ಮೇಲೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 21, ರೂಲ್ 48ಎ ಕೆಳಗೆ ಸಂಬಳ ಜಪ್ತಿ. ಮಾಮೂಲಿ ಸಾಲವಾದರೆ ಸಂಬಳದಲ್ಲಿ ಜಾಸ್ತಿ ಪಾಲು ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ (ಕೋರ್ಟಿನ ಆದೇಶಕ್ಕೆ) ಹಾಗಲ್ಲ, ಸಂಬಳದ ಮೂರರಲ್ಲಿ ಒಂದು ಭಾಗವನ್ನಷ್ಟೇ ಮುಟ್ಟುವಂತಿಲ್ಲ. ಕಂಪನಿಯವರು ಮೊದಲು ಉತ್ತರವನ್ನೇ ಕೊಡಲಿಲ್ಲ. ಆದೇಶ ಮೀರಿ ನೌಕರನಿಗೆ ಸಂಬಳ ಕೊಟ್ಟರೆ ಆ ಮೊತ್ತಕ್ಕೆ ಕಂಪನಿಯೇ ಹೊಣೆ ಅಂತ ಅದೇ ರೂಲಿನಲ್ಲಿದೆ. ಆ ಸಾಲನ್ನು ಎತ್ತಿ ಬರೆದು ಇನ್ನೊಂದು ಪತ್ರ ಹೋಯಿತು. ಹನ್ನೊಂದೇ ದಿನಕ್ಕೆ ಎಚ್‌ಆರ್‌ನಿಂದ ಫೋನ್.

ಖರ್ಚು ನೆನಪಿದ್ದ ಮಟ್ಟಿಗೆ: ವಕೀಲರಿಗೆ ಎರಡೂ ಹಂತ ಸೇರಿ 55,000 ಇರಬಹುದು, ಜೆರಾಕ್ಸ್, ಪ್ರೋಸೆಸ್ ಫೀ, ಬಸ್ಸು, ಆಟೋ ಅಂತ ಇನ್ನೊಂದು 12-13 ಸಾವಿರ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ ಅಂತ ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಗಂಡು ಮಗ ಇರುವವರು ನನ್ನ ದಾರಿ ಹಿಡಿಯಬೇಡಿ. ಸೆಕ್ಷನ್ 20 ವಯಸ್ಕ ಮಗನಿಗೆ ಅನ್ವಯಿಸುವುದಿಲ್ಲ. ನನ್ನ ಗೆಳತಿ ಪರಸ್ಪರ ಒಪ್ಪಿಗೆಯ ಡಿವೋರ್ಸ್ ಪತ್ರದಲ್ಲೇ 'ಡಿಗ್ರಿ ಮುಗಿಯುವವರೆಗೆ' ಅಂತ ಬರೆಸಿಕೊಂಡಿದ್ದಳು, ಜಾಣೆ.

ಹಳೇ ಬಾಕಿಯಲ್ಲಿ ಒಂದೂವರೆ ಲಕ್ಷದಷ್ಟು ಇನ್ನೂ ಬರಬೇಕು. ಅದಕ್ಕೆ ಅವನ ಹೆಸರಿನ ಸೈಟು ಜಪ್ತಿಗೆ ಕೇಳಿದ್ದೇವೆ. ಆ ಸೈಟು ಅಫಿಡವಿಟ್‌ನಲ್ಲಿ ಇರಲೇ ಇಲ್ಲ. ಮುಂದಿನ ವಾಯಿದೆಗೆ ಮಗಳು ರಜೆ ಹಾಕಿ ಬರುತ್ತೇನೆ ಅಂದಿದ್ದಾಳೆ, ಬೇಡ ಅಂದರೂ.