ವಾಲ್ವ್ ರೇಡಿಯೋದಲ್ಲಿ 1956ರ ಒಂದು ದಿನ: ಜೋಡಿಸುವ ಬಗೆ

ಹಳೇ ವಾಲ್ವ್ ರೇಡಿಯೋಗೆ (ಗಾಜಿನ ಕೊಳವೆಗಳಿಂದ ನಡೆಯುವ, ಟ್ರಾನ್ಸಿಸ್ಟರಿಗೆ ಮುಂಚಿನ ಸೆಟ್) ಫೋನ್ ಜೋಡಿಸಿ, 1956ರ ಆಕಾಶವಾಣಿಯ ಒಂದು ದಿನದ ಪ್ರಸಾರವನ್ನು ಮತ್ತೆ ಕೇಳುವಂತೆ ಮಾಡುವ ಬಗೆ ಇದು. ಮೊದಲು ವರ್ಷ ಗೊತ್ತುಮಾಡಿಕೊಳ್ಳಿ. "ಹಳೇ ಕಾಲದ ರೇಡಿಯೋ" ಎಂದಷ್ಟೇ ಇಟ್ಟುಕೊಂಡು ಹೊರಟರೆ ಐವತ್ತರ ದಶಕವೂ ಎಪ್ಪತ್ತರ ದಶಕವೂ ಕಲಸುಮೇಲೋಗರವಾಗುತ್ತವೆ. ಇಲ್ಲಿ ಹಿಡಿದಿರುವುದು 1956. ಧಾರವಾಡ ನಿಲಯಕ್ಕೆ ಆಗ ಆರು ವರ್ಷ. ಬೆಂಗಳೂರು ನಿಲಯ ಶುರುವಾಗಿದ್ದು ಹಿಂದಿನ ವರ್ಷದ ನವೆಂಬರಿನಲ್ಲಿ. ವಿವಿಧ ಭಾರತಿ ಇನ್ನೂ ಹುಟ್ಟಿಲ್ಲ, ಅದು ಬಂದಿದ್ದು 1957ರ ಅಕ್ಟೋಬರ್ 3ಕ್ಕೆ. ಅದರಲ್ಲಿ ಜಾಹೀರಾತು ಬಂದಿದ್ದು 1967ರಲ್ಲಿ. ಹಳೇ ರೇಡಿಯೋ ಎಂದರೆ ಎಲ್ಲರ ಬಾಯಿಗೂ ಮೊದಲು ಬರುವ "ಇಯಂ ಆಕಾಶವಾಣೀ" ಸಂಸ್ಕೃತ ವಾರ್ತೆ 1974ರದ್ದು, ಅದನ್ನು ಇಲ್ಲಿ ಹಾಕಿದರೆ ತಪ್ಪು.

ಸಿನಿಮಾ ಹಾಡನ್ನೂ ದೂರವಿಡಿ. 1952ರಲ್ಲಿ ವಾರ್ತಾ ಮಂತ್ರಿಯಾಗಿ ಬಂದ ಬಿ.ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿಯಿಂದ ಅವು ಬಹುಮಟ್ಟಿಗೆ ಹೊರಬಿದ್ದವು. ಬೇಕಾದವರು ಶಾರ್ಟ್ ವೇವ್‌ಗೆ ತಿರುಗಿಸಿ ರೇಡಿಯೋ ಸಿಲೋನ್ ಹಿಡಿಯುತ್ತಿದ್ದರು. ಇನ್ನೊಂದು ಬಲೆ ಹಾರ್ಮೋನಿಯಂ. 1940ರಿಂದ 1970ರ ದಶಕದ ಆರಂಭದವರೆಗೆ ಆಕಾಶವಾಣಿಯಲ್ಲಿ ಅದಕ್ಕೆ ಬಹಿಷ್ಕಾರವಿತ್ತು. ಮಲ್ಲಿಕಾರ್ಜುನ ಮನ್ಸೂರರ ನಂತರದ ವರ್ಷಗಳ ಕಚೇರಿಯೊಂದು ಎಷ್ಟೇ ಸೊಗಸಾಗಿದ್ದರೂ, ಹಿಂದೆ ಹಾರ್ಮೋನಿಯಂ ಕೇಳಿದರೆ 1956ರ ಸ್ಟುಡಿಯೋಗೆ ಅದು ಹೊಂದುವುದಿಲ್ಲ. ಸಾರಂಗಿ ಸಾಥ್ ಇರುವುದನ್ನೇ ಹುಡುಕಿ.

ದಿನವನ್ನು ಮೂರು ಪ್ರಸಾರಗಳಾಗಿ ಒಡೆಯಿರಿ: ಬೆಳಗ್ಗೆ 6:30ರಿಂದ 9, ಮಧ್ಯಾಹ್ನ 12:30ರಿಂದ 2, ಸಂಜೆ 5:30ರಿಂದ ರಾತ್ರಿ 10:30. ಈ ಗಂಟೆಗಳು ನಮ್ಮ ಜೋಡಣೆ. ನಡುವಿನ ಹೊತ್ತು ಸೆಟ್ ಆರಿರಬೇಕು. ಇದನ್ನು ಬಿಟ್ಟುಕೊಡಬೇಡಿ: ಇಡೀ ದಿನ ನಡೆಯುವ ಪ್ಲೇಲಿಸ್ಟ್‌ಗೂ ರೇಡಿಯೋ ದಿನಕ್ಕೂ ಇರುವ ವ್ಯತ್ಯಾಸವೇ ಆ ಮೌನ. ಪ್ರಸಾರಕ್ಕೊಂದರಂತೆ ಮೂರು ಧ್ವನಿ ಕಡತ (ಫೈಲ್) ಮಾಡಿ. ಬಿಡಿ ಹಾಡುಗಳಾಗಿ ಇಟ್ಟರೆ ಯಾರಾದರೂ ದಾಟಿಸಿಯೇ ದಾಟಿಸುತ್ತಾರೆ. ಮೋನೋ, 96 ಕಿಲೋಬಿಟ್‌ನಲ್ಲಿ ಒಂದು ಗಂಟೆಗೆ ಸುಮಾರು 43 ಎಂಬಿ. ಒಂಬತ್ತು ಗಂಟೆಗೆ 390 ಎಂಬಿ ಸಾಕು.

ಬೆಳಗಿನ ಕಡತ ಆಕಾಶವಾಣಿಯ ಆರಂಭದ ಧ್ವನಿಯಿಂದ ತೊಡಗಲಿ. ತಂಬೂರಿಯ ಮೇಲೆ ಪಿಟೀಲು ನುಡಿಯುವ ಆ ಶಿವರಂಜನಿ ವಾಲ್ಟರ್ ಕೌಫ್‌ಮನ್ ಹೆಸರಿನಲ್ಲಿ ದಾಖಲಾಗಿದೆ. ಆಮೇಲೆ ಹದಿನೈದು ನಿಮಿಷ ನಾಗಸ್ವರ, ಭೂಪಾಳವೋ ಬೌಳಿಯೋ. ಎರಡು ದೇವರನಾಮ. 7:30ಕ್ಕೆ ಅರ್ಧ ಗಂಟೆ ಹಿಂದೂಸ್ತಾನಿ ಗಾಯನ. ಇಲ್ಲಿ ಹೊತ್ತು ಮುಖ್ಯ: ಬೆಳಗ್ಗೆ ಭೈರವ್, ತೋಡಿ, ಮಧ್ಯಾಹ್ನ ಸಾರಂಗ್, ಸಂಜೆ ಪೂರಿಯಾ, ಯಮನ್, ರಾತ್ರಿ ಬಾಗೇಶ್ರೀ, ಮಾಲಕಂಸ. ಕರ್ನಾಟಕ ಸಂಗೀತದಲ್ಲಿ ಇಷ್ಟು ಬಿಗಿಯಿಲ್ಲ.

ಸಂಜೆ ಹಳ್ಳಿಯವರ ಕಾರ್ಯಕ್ರಮ, ವಾರ್ತೆ, ಹತ್ತು ನಿಮಿಷದ ಭಾಷಣ. ಗಮಕಕ್ಕೆ (ಕಾವ್ಯವನ್ನು ರಾಗವಾಗಿ ಓದುವುದು) ಕಾಲು ಗಂಟೆ ಕೊಡಿ. ವಾಚನ, ವ್ಯಾಖ್ಯಾನ ಇಬ್ಬರ ದನಿಯಲ್ಲಿ ಇರಲಿ. ಇದನ್ನು ಬಿಟ್ಟರೆ ಕನ್ನಡದ ನಿಲಯ ಅನ್ನಿಸುವುದಿಲ್ಲ. 8ಕ್ಕೆ ಒಂದು ಗಂಟೆ ಕರ್ನಾಟಕ ಕಚೇರಿ: ಚೌಡಯ್ಯನವರ ಪಿಟೀಲು, ದೊರೆಸ್ವಾಮಿ ಅಯ್ಯಂಗಾರ್ ವೀಣೆ ಅಥವಾ ಆರ್.ಕೆ. ಶ್ರೀಕಂಠನ್ ಗಾಯನ. ಕೊನೆಯ ಇಬ್ಬರೂ ಆಕಾಶವಾಣಿಯಲ್ಲೇ ಕೆಲಸ ಮಾಡಿದವರು. ನೀವು ಆರಿಸಿದ್ದು ಶನಿವಾರವಾದರೆ 9:30ಕ್ಕೆ ದೆಹಲಿಯಿಂದ ಬರುತ್ತಿದ್ದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ; ಅದು 1952ರ ಜುಲೈನಲ್ಲಿ ಶುರುವಾಗಿತ್ತು.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲು ಸುಮಾರು ಮೂರು ನಿಮಿಷ ಮಾತ್ರ ಓಡುತ್ತದೆ. ಅವನ್ನೇ ಪೋಣಿಸಿ ಕಚೇರಿ ಮಾಡಲು ಹೋಗಬೇಡಿ, ನಗೆಪಾಟಲಾಗುತ್ತದೆ. ಕಾರ್ಯಕ್ರಮ ಬೇಗ ಮುಗಿದಾಗ ತೂತು ಮುಚ್ಚಲು ತಟ್ಟೆ ಸರಿ. ಕೆಲವು ತಟ್ಟೆಗಳನ್ನು ತಪ್ಪು ವೇಗದಲ್ಲಿ ಡಿಜಿಟಲ್ ಮಾಡಿರುತ್ತಾರೆ; ಶೇಕಡಾ 6ರಷ್ಟು ವೇಗ ಹೆಚ್ಚಾದರೆ ಶ್ರುತಿ ಅರ್ಧ ಮನೆ ಏರುತ್ತದೆ, ಗಾಯಕರ ದನಿ ಕೀಚಲಾಗುತ್ತದೆ.

ಉದ್ಘೋಷಣೆಯನ್ನು ನೀವೇ ಧ್ವನಿಮುದ್ರಿಸಿ. ಮುಂಚೆ ಕಲಾವಿದರು, ಕೃತಿ, ರಾಗ, ತಾಳ, ರಚನಕಾರರು, ಪಕ್ಕವಾದ್ಯದವರು. ಮುಗಿದ ಮೇಲೆ "ಇದುವರೆಗೆ ಕೇಳಿದಿರಿ" ಎಂದು ಚುಟುಕಾಗಿ. ಹದಿನೈದು ಸೆಕೆಂಡ್ ದಾಟಬಾರದು. ವರ್ಣನೆ, ಹೊಗಳಿಕೆ ಬೇಡ. ಮೈಕಿಗೂ ಬಾಯಿಗೂ ಒಂದು ಗೇಣು ದೂರವಿರಲಿ.

ಎಲ್ಲ ಸೇರಿಸಿದ ಮೇಲೆ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಮೋನೋ ಮಾಡಿ, 100 ಹರ್ಟ್ಸ್‌ಗಿಂತ ಕೆಳಗಿನದನ್ನೂ 5,000ಕ್ಕಿಂತ ಮೇಲಿನದನ್ನೂ ಕತ್ತರಿಸಿ. ಫೋನಿನ ಧ್ವನಿ ರೇಡಿಯೋದ ಟ್ಯೂನಿಂಗ್ ಭಾಗವನ್ನು ಹಾಯದೆ ನೇರ ಆಂಪ್ಲಿಫೈಯರ್‌ಗೆ ಹೋಗುವುದರಿಂದ ಮೀಡಿಯಂ ವೇವ್‌ನ ಆ ಮಿತಿಯನ್ನು ನಾವೇ ಹಾಕಬೇಕು. ಕೃತಕ ಚರಚರ ಸದ್ದು ಮಾತ್ರ ಬೆರೆಸಬೇಡಿ. ಸ್ಟುಡಿಯೋದಿಂದ ನೇರ ಬಂದ ಹಾಡಿನಲ್ಲಿ ತಟ್ಟೆಯ ಗೀರು ಎಲ್ಲಿಂದ ಬರಬೇಕು?

ಇನ್ನು ಸೆಟ್. ಹತ್ತಾರು ವರ್ಷ ಅಟ್ಟದಲ್ಲಿದ್ದುದನ್ನು ನೇರ ಪ್ಲಗ್‌ಗೆ ಹಾಕಬೇಡಿ. ವಾಲ್ವ್‌ಗಳ ಹೆಸರು ಓದಿ. ಇಸಿಎಚ್81, ಇಎಲ್84 ಎಂದು "ಇ"ಯಿಂದ ಶುರುವಾದರೆ ಸಾಮಾನ್ಯವಾಗಿ ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಇದೆಯೇ ಎಂದು ಕಣ್ಣಾರೆ ನೋಡಿ. ಯುಸಿಎಚ್, ಯುಎಲ್ ಎಂದಿದ್ದರೆ ಅದು ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್, ಷಾಸಿಗೇ (ಒಳಗಿನ ಲೋಹದ ಚೌಕಟ್ಟಿಗೇ) ಮೇನ್ಸ್ ಕರೆಂಟ್ ಬರಬಹುದು. ಅದಕ್ಕೆ ಫೋನ್ ಜೋಡಿಸಲೇಬಾರದು.

ಬದಲಿಸಲೇಬೇಕಾದ ಒಂದು ಭಾಗವೆಂದರೆ ಔಟ್‌ಪುಟ್ ವಾಲ್ವ್‌ನ (ಸ್ಪೀಕರ್ ನಡೆಸುವ ವಾಲ್ವ್) ಗ್ರಿಡ್‌ಗೆ, ಅಂದರೆ ಧ್ವನಿ ಒಳಸೇರುವ ತುದಿಗೆ, ಹೋಗುವ ಕಾಗದದ ಕೆಪಾಸಿಟರ್, ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡ್. ಅದು ಸೋರಿದರೆ ಗ್ರಿಡ್‌ಗೆ ಧನ ವೋಲ್ಟ್ ಬಂದು ವಾಲ್ವ್ ಕೆಂಪಗೆ ಕಾಯುತ್ತದೆ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ (ಕರೆಂಟಿನ ಏರಿಳಿತ ಸೋಸುವ ಭಾಗ) 250 ವೋಲ್ಟ್‌ವರೆಗೂ ಉಳಿದಿರಬಹುದು; ಅದನ್ನು ಇಳಿಸಲು ಗೊತ್ತಿಲ್ಲದವರು ರಿಪೇರಿಯವರ ಕೈಗೇ ಕೊಡಿ.

ಮೊದಲ ಸಲ ಹಚ್ಚುವಾಗ 60 ವ್ಯಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಸೆಟ್‌ಗೆ ಹೋಗುವ ಕರೆಂಟ್ ಬಲ್ಬನ್ನು ಹಾದೇ ಹೋಗುವಂತೆ, ಹಾಕಿ (ಎಲ್‌ಇಡಿ ಆಗದು). ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಕ್ಷೇಮ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ವೋಲ್ಟೇಜ್ ಆರಿಸುವ ಪ್ಲೇಟ್ 240ರಲ್ಲಿರಲಿ.

ಹಿಂಬದಿಯಲ್ಲಿ ಗ್ರಾಮೊಫೋನ್ ಪಿಕಪ್‌ಗೆಂದು ಎರಡು ರಂಧ್ರ ಇರುತ್ತವೆ. ಫೋನಿನ ಎಡ-ಬಲ ತಂತಿಗಳಿಗೆ ತಲಾ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ ಕೂಡಿಸಿ, 600 ಓಮಿನ, 1:1 ಅನುಪಾತದ ಆಡಿಯೋ ಟ್ರಾನ್ಸ್‌ಫಾರ್ಮರ್ ಮೂಲಕ ಶೀಲ್ಡ್ ವಯರಿನಲ್ಲಿ ಅಲ್ಲಿಗೆ ಕೊಡಿ. ಬ್ಯಾಂಡ್ ಸ್ವಿಚ್ ಗ್ರಾಮ್ ಗುರುತಿಗೆ ತಿರುಗಿಸಿ. ಗುಂಯ್ ಎಂದರೆ ಮೊದಲು ಫೋನಿನ ಚಾರ್ಜರ್ ಕಿತ್ತು ನೋಡಿ. ಆಮೇಲೂ ನಿಲ್ಲದಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ವಾಲ್ಯೂಮ್ ತಿರುಗಿಸಿದಾಗ ಬರಬರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ವಾಲ್ವ್ ಕಾಯಲು ಅರ್ಧ ನಿಮಿಷ ಬೇಕು, ಆದ್ದರಿಂದ ಬೆಳಗ್ಗೆ 6:29ಕ್ಕೇ ಸ್ವಿಚ್ ಹಾಕಿ.