ಮುಂದಿನ ಕಾರು ಪುಟ್ಟ ಸ್ಪೋರ್ಟ್ಸ್ ಕೂಪೆಯಾ? ಹಾಗಾದರೆ ಹೀಗೆ ಆರಿಸಿ

ಡೆಟ್ರಾಯಿಟ್ ಸುತ್ತಮುತ್ತ ಇರುವ ನಮ್ಮ ಕನ್ನಡಿಗರಲ್ಲಿ ಕಾರು ಕಂಪನಿಗಳಲ್ಲೋ, ಅವಕ್ಕೆ ಬಿಡಿಭಾಗ ಮಾಡಿಕೊಡುವ ಕಂಪನಿಗಳಲ್ಲೋ ಕೆಲಸ ಮಾಡುವವರು ಬಹಳ ಜನ. ದಿನವಿಡೀ ಕಾರಿನದೇ ಮಾತು, ಮನೆ ಮುಂದೆ ಮಾತ್ರ ಒಂದು ಮಿನಿವ್ಯಾನ್, ಒಂದು ಎಸ್‌ಯುವಿ. ಆಮೇಲೆ ಎಸ್‌ಯುವಿಯ ಲೀಸ್ ಮುಗಿಯುವ ಹೊತ್ತಿಗೆ ಆಸೆ ಶುರುವಾಗುತ್ತದೆ. ಈ ಸಲ ಎರಡು ಬಾಗಿಲಿನ, ನೆಲಕ್ಕೆ ಹತ್ತಿರ ಕೂರುವ, ಕೈಯಾರೆ ಗೇರ್ ಹಾಕಿ ಓಡಿಸುವ ಕಾರು ತಗೊಂಡರೆ ಹೇಗೆ?

ತಗೊಳ್ಳಿ. ಆದರೆ ಹಾರ್ಸ್‌ಪವರ್ ನೋಡಿ ತಗೊಳ್ಳಬೇಡಿ. ನಾನು ಹಾಗೆ ಮಾಡಿದ್ದೆ. ನನ್ನ ಮೊದಲ ಕೂಪೆಯನ್ನು ಬರೀ ಅಂಕಿ ನೋಡಿ ಕೊಂಡೆ, ಆ ಶಕ್ತಿ ಬಳಸುವ ರಸ್ತೆ ನನ್ನ ದಿನಚರಿಯಲ್ಲಿ ಎಲ್ಲೂ ಇರಲಿಲ್ಲ, ಹದಿನಾಲ್ಕು ತಿಂಗಳಲ್ಲಿ ಮಾರಿದೆ. ಮುಂದಿನ ಸಲ ಬೇರೆ ದಾರಿ ಹಿಡಿದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ನಿಮ್ಮ ಒಂದು ವಾರ ಬರೆಯಿರಿ

ಒಂದು ಹಾಳೆ ತಗೊಂಡು ಸೋಮವಾರದಿಂದ ಭಾನುವಾರದವರೆಗೆ ಕಾರು ಎಲ್ಲೆಲ್ಲಿ ಹೋಗುತ್ತದೆ, ಜೊತೆಗೆ ಯಾರಿರುತ್ತಾರೆ ಅಂತ ಬರೆಯಿರಿ. ಐ-696 ಹೈವೇಯಲ್ಲಿ ಬೆಳಿಗ್ಗೆ ಎಂಟಕ್ಕೆ ನಿಂತು ನಿಂತು ಹೋಗುವವರಿಗೆ ಮ್ಯಾನ್ಯುಯಲ್ ಕ್ಲಚ್ ಎಡಗಾಲಿಗೆ ದಿನಾ ಕೆಲಸ ಕೊಡುತ್ತದೆ. ಅದು ಇಷ್ಟ ಇದ್ದರೆ ಸರಿ, ಇಲ್ಲದಿದ್ದರೆ ಆಟೋಮ್ಯಾಟಿಕ್ ತಗೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ಮಗುವನ್ನು ಡೇಕೇರ್‌ಗೆ ಬಿಡುವವರು ನೀವೇನಾ? ವಾರಕ್ಕೊಮ್ಮೆ ಇಂಡಿಯನ್ ಸ್ಟೋರ್‌ನಿಂದ ಸೋನಾ ಮಸೂರಿ ಚೀಲ ತರುವವರು ಯಾರು? ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುತ್ತಾರಾ? ಮಂಡಿನೋವು ಇರುವವರಿಗೆ ಅಷ್ಟು ತಗ್ಗಿನ ಸೀಟಿನಿಂದ ಏಳುವುದು ನಿಜಕ್ಕೂ ಕಷ್ಟ.

ಮನೆಯಲ್ಲಿ ಇನ್ನೊಂದು ದೊಡ್ಡ ಕಾರು ಇದ್ದರೆ ಈ ಪ್ರಶ್ನೆಗಳಲ್ಲಿ ಅರ್ಧ ತಾನೇ ಬಿದ್ದುಹೋಗುತ್ತವೆ. ಇರುವುದೇ ಒಂದು ಕಾರು ಅಂದರೆ ಹಾಳೆಯನ್ನು ಇನ್ನೊಂದು ಸಲ ಓದಿ.

ಈಗ ಕಾರುಗಳು

ನನ್ನ ಪ್ರಕಾರ ಈ ಗುಂಪಿನಲ್ಲಿ ಮೊದಲು ನೋಡಬೇಕಾದ್ದು ಟೊಯೋಟಾ ಜಿಆರ್86 ಮತ್ತು ಸುಬಾರು ಬಿಆರ್‌ಝಡ್. ಎರಡೂ ಅವಳಿ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದೆಯಲ್ಲ, ಅಲ್ಲೇ ಮಾಡುತ್ತಾರಾ ಅಂತ ನಮ್ಮ ಭಾವ ಫೋನಿನಲ್ಲಿ ಕೇಳಿದರು. ಇಲ್ಲ, ಎರಡೂ ಬರುವುದು ಜಪಾನಿನ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಿಂದ. 2.4 ಲೀಟರ್ ಎಂಜಿನ್, ಟರ್ಬೊ ಇಲ್ಲ, 228 ಹಾರ್ಸ್‌ಪವರ್. ತೂಕ 1,275 ಕೆಜಿ ಆಸುಪಾಸು. ಈ ತೂಕವೇ ಮುಖ್ಯ. ತಿರುವಿನಲ್ಲಿ ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಮೂತಿ ತಕ್ಷಣ ಆ ಕಡೆ ಹೋಗುತ್ತದೆ, ಹಿಂದಿನ ಚಕ್ರ ಏನು ಮಾಡುತ್ತಿದೆ ಅನ್ನುವುದು ಕೂತ ಸೀಟಿಗೇ ಗೊತ್ತಾಗುತ್ತದೆ. ಐವತ್ತು ಮೈಲಿ ವೇಗದಲ್ಲೇ ಇಷ್ಟು ಖುಷಿ ಕೊಡುವ ಕಾರು ಈ ಬೆಲೆಗೆ ಬೇರೆ ಇಲ್ಲ.

ಇದರ ಹಿಂದಿನ ತಲೆಮಾರು (2013ರಿಂದ 2020, ಮೊದಲು ಸೈಯನ್ ಎಫ್ಆರ್-ಎಸ್ ಅಂತಿತ್ತು) ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತದೆ. ಅದು 2 ಲೀಟರ್, ಸುಮಾರು 200 ಹಾರ್ಸ್‌ಪವರ್. ಹಳೆಯದರಲ್ಲಿ ಪೂರ್ತಿ ಎಳೆತ ಸಿಗುತ್ತಿದ್ದುದು 6,400 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ದಾಟಿದ ಮೇಲೆ, ಮಧ್ಯೆ ನಾಲ್ಕು ಸಾವಿರದ ಹತ್ತಿರ ಒಂದು ಮಂಕು ಬೇರೆ. ಹೊಸದರಲ್ಲಿ 3,700ಕ್ಕೇ ಸಿಗುತ್ತದೆ. ಹೈವೇ ರ‍್ಯಾಂಪ್ ಹತ್ತುವಾಗ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಕೈಯಲ್ಲಿ ದುಡ್ಡಿದ್ದರೆ 2022 ಅಥವಾ ಅದಕ್ಕಿಂತ ಹೊಸದು ನೋಡಿ ಅಂತ ಹೇಳುತ್ತೇನೆ.

ಅವಳಿಗಳಲ್ಲಿ ಯಾವುದು? ಸಸ್ಪೆನ್ಷನ್ ಸೆಟ್ಟಿಂಗ್ ಬೇರೆ ಬೇರೆ. ಜಿಆರ್86 ಹಿಂದೆ ಸ್ವಲ್ಪ ಗಟ್ಟಿ, ಬಾಲ ಆಡಿಸುವ ಸ್ವಭಾವ. ಬಿಆರ್‌ಝಡ್ ಇನ್ನಷ್ಟು ನಿಧಾನಸ್ಥ. ಹತ್ತಿರದಲ್ಲಿ ಯಾರ ಸರ್ವಿಸ್ ಚೆನ್ನಾಗಿದೆಯೋ, ಯಾರು ಬೆಲೆ ಸರಿಯಾಗಿ ಹೇಳುತ್ತಾರೋ ಅವರ ಹತ್ತಿರ ತಗೊಳ್ಳಿ, ಸಾಕು.

ಬಿಎಂಡಬ್ಲ್ಯು ಎಂ240ಐ ಬೇರೆಯೇ ಜಾತಿ. ಆರು ಸಿಲಿಂಡರ್ ಟರ್ಬೊ, 382 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಎಕ್ಸ್‌ಡ್ರೈವ್ ಇದ್ದರೆ ನಾಲ್ಕು ಸೆಕೆಂಡ್ ಚಿಲ್ಲರೆಯಲ್ಲಿ ಅರವತ್ತು ಮೈಲಿ ವೇಗ ಮುಟ್ಟುತ್ತದೆ. ಆದರೆ ತೂಕ ಸುಮಾರು 1,750 ಕೆಜಿ, ಮ್ಯಾನ್ಯುಯಲ್ ಇಲ್ಲವೇ ಇಲ್ಲ, ಬೆಲೆ ಜಿಆರ್86ಗಿಂತ ಇಪ್ಪತ್ತು ಸಾವಿರ ಡಾಲರ್ ಜಾಸ್ತಿ. ದಿನಾ ಉದ್ದ ಹೈವೇ, ಹಿಮದಲ್ಲೂ ಹೋಗಲೇಬೇಕು, ಒಳಗೆ ಸದ್ದು ಇರಬಾರದು ಅನ್ನುವವರಿಗೆ ಇದೇ ಸರಿಯಾದ ಕಾರು, ಇದರಲ್ಲಿ ನನಗೆ ಎರಡು ಮಾತಿಲ್ಲ. ಅದರಣ್ಣ ಎಂ2ನಲ್ಲಿ ಮ್ಯಾನ್ಯುಯಲ್ ಸಿಗುತ್ತದೆ, ಬೆಲೆ ಇನ್ನೂ ಮೇಲೆ.

ಮಝ್ದಾ ಮಿಯಾಟಾ ಆರ್‌ಎಫ್: ಎರಡೇ ಸೀಟು, ಹಗುರ, ತುಂಬ ಮುದ್ದು. ಮಸ್ಟ್ಯಾಂಗ್ ಇಕೋಬೂಸ್ಟ್ 315 ಹಾರ್ಸ್‌ಪವರ್ ಕೊಡುತ್ತದೆ, ಆದರೆ ಪುಟ್ಟ ಕಾರಲ್ಲ. 2024ರಿಂದ ಅದರಲ್ಲಿ ಮ್ಯಾನ್ಯುಯಲ್ ಇಲ್ಲ, ಬೇಕೆಂದರೆ ಎಂಟು ಸಿಲಿಂಡರಿನ ವಿ8ಗೆ ಹೋಗಬೇಕು. ಹೋಂಡಾ ಪ್ರಿಲ್ಯೂಡ್ ವಾಪಸ್ ಬಂದಿದೆ, 200 ಹಾರ್ಸ್‌ಪವರ್ ಹೈಬ್ರಿಡ್, ಆರಂಭದ ಬೆಲೆ 42 ಸಾವಿರ ಡಾಲರ್. ಅಷ್ಟು ಕೊಟ್ಟು ಗೇರ್ ಹಾಕುವ ಖುಷಿ ಇಲ್ಲ ಅಂದರೆ ನನಗೆ ಒಪ್ಪಿಗೆಯಾಗಲಿಲ್ಲ. ಅದರ ಬದಲು 2020ಕ್ಕೆ ನಿಂತುಹೋದ ಸಿವಿಕ್ ಎಸ್‌ಐ ಕೂಪೆ ಸೆಕೆಂಡ್‌ಹ್ಯಾಂಡ್ ಹುಡುಕಿ. ಹಿಂದಿನ ಸೀಟಿನಲ್ಲಿ ಮನುಷ್ಯರು ಕೂರಬಹುದು.

ಪೂರ್ತಿ ಖರ್ಚು ಲೆಕ್ಕ ಹಾಕಿ

ಕಾರು ನೋಡಲು ಹೋಗುವ ಮುಂಚೆ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ. ಡೀಲರ್ ವೆಬ್‌ಸೈಟಿನಲ್ಲಿ ಆ ಕಾರಿನ ವಿಐಎನ್ (ಪ್ರತಿ ಕಾರಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಇರುತ್ತದೆ, ಅದನ್ನೇ ಕೊಟ್ಟು ಆರು ತಿಂಗಳ ಪ್ರೀಮಿಯಂ ಕೇಳಿ. ಮಿಷಿಗನ್‌ನಲ್ಲಿ ಇನ್ಶೂರೆನ್ಸ್ ಮೊದಲೇ ದುಬಾರಿ. ಹತ್ತು ನಿಮಿಷದ ಈ ಫೋನು ಎಷ್ಟೋ ಜನರ ಪಟ್ಟಿಯನ್ನು ಅರ್ಧಕ್ಕೆ ಇಳಿಸಿದೆ.

ಆಮೇಲೆ ಟೈರು. ಜಿಆರ್86 ಪ್ರೀಮಿಯಂ ಮಾಡೆಲ್ 18 ಇಂಚಿನ ಬೇಸಿಗೆ ಟೈರಿನಲ್ಲಿ ಬರುತ್ತದೆ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗಿ ರಸ್ತೆ ಹಿಡಿಯುವುದಿಲ್ಲ, ಹಿಮ ಬೀಳಬೇಕೆಂದೇ ಇಲ್ಲ, ನವೆಂಬರ್‌ನ ಒಂದು ಚಳಿ ಬೆಳಿಗ್ಗೆ ಸಾಕು. ಹಾಗಾಗಿ ಚಳಿಗಾಲದ ನಾಲ್ಕು ಟೈರು, ಸಾಧ್ಯವಾದರೆ ರಿಮ್ ಸಮೇತ, ಕಾರಿನ ಬೆಲೆಯ ಜೊತೆಗೇ ಕೂಡಿಸಿ. ರಿಮ್ ತಗೊಳ್ಳುವಾಗ 17 ಇಂಚು ತಗೊಳ್ಳಿ, ನಮ್ಮ ರಸ್ತೆ ಗುಂಡಿಗಳಿಗೆ ದಪ್ಪ ಪಕ್ಕದ ಟೈರೇ ಒಳ್ಳೆಯದು. ಈ ಅವಳಿಗಳ ಹಾಗೆ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಕಾರು ಹಿಮದಲ್ಲಿ ಹೋಗುವುದೇ ಇಲ್ಲ ಅನ್ನುವ ಮಾತು ನಂಬಬೇಡಿ. ಸರಿಯಾದ ಟೈರಿದ್ದರೆ ಹೋಗುತ್ತದೆ.

ಪೆಟ್ರೋಲ್: ಅವಳಿಗಳಿಗೂ ಬಿಎಂಡಬ್ಲ್ಯುಗೂ ಹೆಚ್ಚು ಆಕ್ಟೇನಿನ ಪ್ರೀಮಿಯಂ ಪೆಟ್ರೋಲೇ ಬೇಕು. ಮ್ಯಾನ್ಯುಯಲ್ ಜಿಆರ್86 ಸರಾಸರಿ ಗ್ಯಾಲನ್‌ಗೆ 22 ಮೈಲಿ.

ಒಂದೇ ದಿನ, ಒಂದೇ ರಸ್ತೆ

ಟೆಸ್ಟ್ ಡ್ರೈವ್‌ಗಳನ್ನು ಒಂದೇ ಶನಿವಾರ ಇಟ್ಟುಕೊಳ್ಳಿ. ವಾರ ಬಿಟ್ಟು ವಾರ ಹೋದರೆ ಮೊದಲನೆಯದು ಹೇಗಿತ್ತು ಅನ್ನುವುದೇ ಮರೆತಿರುತ್ತದೆ. ತೆಳು ತಳದ ಶೂ ಹಾಕಿಕೊಂಡು ಹೋಗಿ. ನಾವು ಬರುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ, ಯಾಕೆಂದರೆ ಅವಳಿಗಳ ಗೇರ್‌ಬಾಕ್ಸ್ ತಣ್ಣಗಿದ್ದಾಗ ಎರಡನೇ ಗೇರಿಗೆ ಸ್ವಲ್ಪ ಬಿಗಿಯಾಗಿರುತ್ತದೆ. ದಿನಾ ಬೆಳಿಗ್ಗೆ ನಿಮಗೆ ಸಿಗುವುದು ಆ ಗೇರ್‌ಬಾಕ್ಸೇ, ಅರ್ಧ ಗಂಟೆ ಓಡಿ ಬೆಚ್ಚಗಾದದ್ದಲ್ಲ. ಒಂದು ಕೆಟ್ಟ ರಸ್ತೆ, ಒಂದು ಹೈವೇ ರ‍್ಯಾಂಪ್, ಒಂದು ಇಕ್ಕಟ್ಟಾದ ಪಾರ್ಕಿಂಗ್ ಮೂರೂ ಇರಲಿ. ಕೂಪೆಯ ಬಾಗಿಲು ಉದ್ದ. ಎರಡು ಪಿಕಪ್ ಟ್ರಕ್ ನಡುವೆ ನಿಲ್ಲಿಸಿ ಇಳಿದು ನೋಡಿ.

ಚೈಲ್ಡ್ ಸೀಟ್ ಇದ್ದವರು ಅದನ್ನು ಬಿಚ್ಚಿ ಜೊತೆಗೆ ಒಯ್ಯಿರಿ. ನಾನು ಒಯ್ದಿದ್ದೆ. ಹಿಂದಕ್ಕೆ ಮುಖ ಮಾಡುವ ಸೀಟನ್ನು ಜಿಆರ್86ನ ಹಿಂದೆ ಕೂರಿಸಲು ಮುಂದಿನ ಸೀಟನ್ನು ಎಷ್ಟು ತಳ್ಳಬೇಕಾಯಿತು ಅಂದರೆ ನನ್ನ ಹೆಂಡತಿಯ ಮಂಡಿ ಗ್ಲೋವ್‌ಬಾಕ್ಸ್‌ಗೆ ತಾಗಿತು. ಅವಳು ಸುಮ್ನೆ ನನ್ನ ಮುಖ ನೋಡಿದಳು. ಮಗಳು ಮುಂದಕ್ಕೆ ಮುಖ ಮಾಡಿ ಕೂರುವವರೆಗೆ ಒಂದೂವರೆ ವರ್ಷ ಕಾದೆವು, ಕಾದದ್ದು ಒಳ್ಳೆಯದಾಯಿತು. ಹಿಂದಿನ ಸೀಟು ಮಡಚಿದರೆ ಮಾತ್ರ ನಾಲ್ಕು ಟೈರು ಒಳಗೆ ಹಿಡಿಸುತ್ತವೆ, ಅಕ್ಕಿ ಚೀಲಕ್ಕೆ ಡಿಕ್ಕಿಯೇ ಸಾಕು.

ಸೆಕೆಂಡ್‌ಹ್ಯಾಂಡ್ ಆದರೆ

ಇಂಥ ಕಾರುಗಳನ್ನು ಜನ ಜೋರಾಗಿ ಓಡಿಸಿರುತ್ತಾರೆ, ಅದು ತಪ್ಪಲ್ಲ, ಆದರೆ ನಿಮಗೆ ಗೊತ್ತಿರಬೇಕು. ಟೈರಿನ ಮೇಲಿನ ಸೀಳಿನಲ್ಲಿ ಒಂದು ಸೆಂಟ್ ನಾಣ್ಯವನ್ನು ತಲೆಕೆಳಗಾಗಿ ಇಡಿ. ಲಿಂಕನ್ ತಲೆ ಪೂರ್ತಿ ಕಂಡರೆ ಟೈರು ಮುಗಿದಿದೆ. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ ಅಥವಾ ಕಾರಿನ ಎತ್ತರ ತಗ್ಗಿಸಿ ಓಡಿಸಿದ್ದಾರೆ. ಬಾಗಿಲು ತೆಗೆದು ಕೆಳಗಿನ ಪಟ್ಟಿಯ ಅಡಿಗೆ ಬೆರಳು ಹಾಕಿ ಸವರಿ, ಒರಟಾಗಿ ಪುಡಿ ಬಂದರೆ ಅದು ರಸ್ತೆ ಉಪ್ಪಿನ ತುಕ್ಕು. ಎಂಜಿನ್‌ಗೆ ಹೊರಗಿನ ಟ್ಯೂನ್ (ಶಕ್ತಿ ಹೆಚ್ಚಿಸಲು ಬದಲಿಸಿದ ಸಾಫ್ಟ್‌ವೇರ್) ಹಾಕಿದ್ದಾರಾ ಅಂತ ನೇರವಾಗಿ ಕೇಳಿ. 2013ರ ಎಫ್ಆರ್-ಎಸ್, ಬಿಆರ್‌ಝಡ್‌ಗಳಿಗೆ ವಾಲ್ವ್ ಸ್ಪ್ರಿಂಗ್ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರು ವಾಪಸ್ ಕರೆಯುವುದು) ಇತ್ತು. ಆ ಕೆಲಸಕ್ಕೆ ಎಂಜಿನ್ನನ್ನೇ ಕೆಳಗಿಳಿಸಬೇಕು, ಹಾಗಾಗಿ ಯಾವಾಗ ಆಯಿತು, ಯಾರು ಮಾಡಿದರು ಅನ್ನುವ ಕಾಗದ ಕೈಗೆ ಬರಲಿ. ವಿಐಎನ್ ಹಾಕಿದರೆ ರೀಕಾಲ್ ಬಾಕಿ ಇದೆಯಾ ಅಂತ ಅಮೆರಿಕದ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟು ಪುಕ್ಕಟೆ ಹೇಳುತ್ತದೆ. ಕೊನೆಗೆ ನಿಮ್ಮದೇ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಹಾಕಿಸಿ ನೋಡಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಂದ ಹೊರಡಿ.

ಸಹಿ ಹಾಕುವ ದಿನ

ತಿಂಗಳ ಕಂತಿನ ಮಾತು ಎತ್ತಬೇಡಿ, ಎಲ್ಲಾ ಸೇರಿ ಕಾರು ಮನೆಗೆ ತರಲು ಕೊಡಬೇಕಾದ ಬೆಲೆ ಎಷ್ಟು ಅಂತ ಇಮೇಲಿನಲ್ಲೇ ಕೇಳಿ. ಕೆಲವು ಕಡೆ ಕಂಪನಿ ನಮೂದಿಸಿದ ಸ್ಟಿಕ್ಕರ್ ಬೆಲೆಯ ಮೇಲೆ ಮಾರ್ಕೆಟ್ ಅಡ್ಜಸ್ಟ್‌ಮೆಂಟ್ ಅಂತ ಎರಡು ಮೂರು ಸಾವಿರ ಸೇರಿಸಿರುತ್ತಾರೆ. ನಾನು ಒಹಾಯೊದವರೆಗೆ ಹೋಗಿ ಅದಿಲ್ಲದೆ ತಂದೆ. ಹೊಸ ಜಿಆರ್86 ಕೊಂಡವರಿಗೆ ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್‌ನ ಒಂದು ವರ್ಷದ ಸದಸ್ಯತ್ವ, ಟ್ರ್ಯಾಕಿನಲ್ಲಿ ಕಲಿಯುವ ಒಂದು ಅವಕಾಶ ಪುಕ್ಕಟೆ ಬರುತ್ತದೆ. ಅದನ್ನು ಬಿಡಬೇಡಿ. ಪಕ್ಕದಲ್ಲಿ ಕೂತು ಕಲಿಸುವವರು ಬ್ರೇಕ್ ಯಾವಾಗ ಒತ್ತಬೇಕು ಅಂತ ಹೇಳಿಕೊಟ್ಟ ಮೇಲೆ ಮನೆ ಹತ್ತಿರದ ರಸ್ತೆಯಲ್ಲೂ ಓಡಿಸುವ ರೀತಿ ಬದಲಾಗುತ್ತದೆ.

ಕೀಲಿ ಕೈಗೆ ಬಂದ ದಿನವೇ ಟೈರ್ ಅಂಗಡಿಗೆ ಫೋನ್ ಮಾಡಿ ಅಕ್ಟೋಬರ್ ಕೊನೆ ವಾರಕ್ಕೆ ಸಮಯ ತಗೊಳ್ಳಿ. ಮೊದಲ ಹಿಮ ಬಿದ್ದ ಮೇಲೆ ಅಲ್ಲಿ ಜಾಗ ಸಿಗುವುದಿಲ್ಲ.