ಲ್ವಾರ್ ದಂಡೆಯ ಅಂಬ್ವಾಸ್ ಪಟ್ಟಣವನ್ನು ನೋಡುವ ಕ್ರಮ

ಕಾಸರಗೋಡಿನಿಂದ ಫ್ರಾನ್ಸಿಗೆ ಹೊರಡುವವರು ಲ್ವಾರ್ ನದಿಯ ಕಣಿವೆಯ ನಾಲ್ಕಾರು ಅರಮನೆಗಳನ್ನು ಒಂದೇ ದಿನದ ಬಸ್ಸಿನಲ್ಲಿ ಸುತ್ತಿ ಮುಗಿಸುವುದಕ್ಕಿಂತ, ಅಂಬ್ವಾಸ್ ಎಂಬ ಸಣ್ಣ ಪಟ್ಟಣವೊಂದನ್ನೇ ಆರಿಸಿ ಶನಿವಾರ ರಾತ್ರಿ ಅಲ್ಲಿ ತಂಗುವುದು ಲೇಸು. ಭಾನುವಾರ ಬೆಳಗ್ಗೆ ಹೊಳೆಯ ದಂಡೆಯಲ್ಲೇ ಸಂತೆ ಸೇರುತ್ತದೆ.

ಪ್ಯಾರಿಸಿನ ಓಸ್ತರ್ಲಿಟ್ಜ್ ನಿಲ್ದಾಣದಿಂದ ನೇರ ರೈಲು ಸಿಕ್ಕಿದರೆ ಸುಮಾರು 2 ಗಂಟೆಯ ಪ್ರಯಾಣ. ರೈಲು ನಿಲ್ಲುವುದು ಉತ್ತರ ದಡದಲ್ಲಿ, ಹಳೆಯ ಪೇಟೆ ಇರುವುದು ದಕ್ಷಿಣ ದಡದಲ್ಲಿ. ಆದರೂ ಟ್ಯಾಕ್ಸಿ ಹಿಡಿಯಬೇಡಿ. ನಡುಗಡ್ಡೆಯನ್ನು ದಾಟಿ ಸೇತುವೆಯ ಮೇಲೆ ನಡೆದು ಬರುವವರಿಗೆ ಮಾತ್ರ ಬಿಳಿ ಸುಣ್ಣಕಲ್ಲಿನ ಕೋಟೆ, ಅದರ ಬುಡಕ್ಕೆ ಒತ್ತಿಕೊಂಡ ಮನೆಗಳು ಮತ್ತು ಹೊಳೆ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಆಟಿ ತಿಂಗಳಲ್ಲಿ ಕೆಂಪಗೆ ತುಂಬಿ ಹರಿಯುವ ಚಂದ್ರಗಿರಿಯನ್ನು ಕಂಡು ಬೆಳೆದ ನಮಗೆ ಇಲ್ಲಿನ ಲೆಕ್ಕ ತಲೆಕೆಳಗಾದಂತೆ ತೋರುತ್ತದೆ: ಸುಮಾರು 1,000 ಕಿಲೋಮೀಟರ್ ಉದ್ದದ, ಫ್ರಾನ್ಸಿನ ಅತಿ ಉದ್ದದ ಈ ನದಿ ಜುಲೈ–ಆಗಸ್ಟಿನಲ್ಲೇ ಸೊರಗಿ ಮರಳದಿಣ್ಣೆಗಳನ್ನು ತೋರಿಸುತ್ತದೆ, ತುಂಬುವುದು ಚಳಿಗಾಲದಿಂದ ವಸಂತದವರೆಗೆ. ಬೇಸಿಗೆಯ ನೀರನ್ನು ನೋಡಿ ಇದನ್ನು ಸಾಧು ಹೊಳೆ ಎನ್ನಲಾಗದು. 1846, 1856 ಮತ್ತು 1866ರ ನೆರೆಗಳು ಲ್ವಾರ್ ಕಣಿವೆಯನ್ನೇ ನಡುಗಿಸಿದ್ದವು.

ಕೋಟೆಯೊಳಗೆ ಹೆಚ್ಚು ಹೊತ್ತು ಕೊಡಬೇಕಾದದ್ದು ಉರ್ತೋ ಗೋಪುರಕ್ಕೆ. ಕುದುರೆ ಸವಾರರೂ ಗಾಡಿಗಳೂ ನೇರವಾಗಿ ಮೇಲೇರಲೆಂದು ಅದರೊಳಗೆ ಸುರುಳಿಯಾಕಾರದ ಇಳಿಜಾರು ದಾರಿಯನ್ನು ಕಟ್ಟಿದ್ದಾರೆ. ನಿಧಾನವಾಗಿ ನಡೆದರೆ ಕಮಾನುಗಳ ಬುಡದಲ್ಲಿ ಕೆತ್ತಿದ ವಿಕಟ ಮುಖಗಳು, ಕೆಲವು ಪೋಲಿ ಶಿಲ್ಪಗಳೂ ಸಹ, ಕಾಣಸಿಗುತ್ತವೆ. 1470ರಲ್ಲಿ ಇಲ್ಲೇ ಹುಟ್ಟಿದ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ 1498ರಲ್ಲಿ ಇಲ್ಲಿಯದೇ ಬಾಗಿಲಿನ ತಲೆಪಟ್ಟಿಗೆ ಹಣೆ ಬಡಿದು ಸತ್ತನೆನ್ನುತ್ತಾರೆ. ಲಿಯೊನಾರ್ಡೊ ಡ ವಿಂಚಿಯದೆಂದು ನಂಬಲಾದ ಅಸ್ಥಿಗಳಿರುವುದು ಆವರಣದ ಪುಟ್ಟ ಸೇಂತ್ ಉಬೇರ್ ಚಾಪೆಲ್‌ನಲ್ಲಿ. ದೊರೆ ಒಂದನೆಯ ಫ್ರಾನ್ಸ್ವಾನ ಆಹ್ವಾನದ ಮೇಲೆ 1516ರಲ್ಲಿ ಬಂದ ಆತ 1519ರ ಮೇ 2ರಂದು ತೀರಿಕೊಂಡ ಕ್ಲೋ ಲ್ಯೂಸೆ ಮನೆ ಅಲ್ಲಿಂದ ನಡೆಯುವಷ್ಟೇ ದೂರ. ತೋಟದಲ್ಲಿರುವ ಯಂತ್ರಗಳ ಮಾದರಿಗಳಿಂದಾಗಿ ಮಕ್ಕಳಿದ್ದವರು ಅದನ್ನು ಬಿಡಬಾರದು.

ಮಧ್ಯಾಹ್ನದ ಊಟಕ್ಕೆ 2 ಗಂಟೆಯೊಳಗೆ ಕುಳಿತುಬಿಡಿ, ಅನಂತರ ಅನೇಕ ಅಡುಗೆಮನೆಗಳು ಮುಚ್ಚುತ್ತವೆ. ಸಂತೆಯಲ್ಲಿ ಕಾಣುವ, ಮೈಗೆ ಬೂದಿ ಸವರಿ ನಡುವೆ ಹುಲ್ಲುಕಡ್ಡಿ ತೂರಿಸಿದ ಉದ್ದನೆಯ ಚೀಸ್ ಆಡಿನ ಹಾಲಿನದು. ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲನ್ನು ಗಟ್ಟಿಯಾಗಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಹೆಪ್ಪನ್ನು ಬಳಸುವ ವಾಡಿಕೆಯಿರುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಕೇಳಿಯೇ ಕೊಳ್ಳಬೇಕು.

ಫ್ರಾನ್ಸಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ.